ಬೆಡ್‌ಶೀಟ್ ಮ್ಯಾನ್ ಪರವಾಗಿ

ಜೂನ್ 3, ಮಂಗಳವಾರ

ಬಿ.ಪಿ. 138/84. ಮಾತ್ರೆ ಆಯಿತು. ನಲ್ಲಿ ನೀರು ಆರೂವರೆಗೆ ಬಂದು ಏಳಕ್ಕೆಲ್ಲ ನಿಂತಿತು. ಹಿಂದಿನ ರೂಮಿನ ಹೊಳೆವ್ವ ತನ್ನ ಕೊಡಗಳ ಜೊತೆಗೆ ನನ್ನ ಡ್ರಮ್ಮನ್ನೂ ತುಂಬಿಸಿದಳು. ಅವಳ ಗಂಡ ಮಲಕಪ್ಪ ಮೆಟ್ರೋ ಕೆಲಸದಲ್ಲಿ ವೆಲ್ಡರ್. ಪಾಳಿ ಮುಗಿಸಿ ಬಂದವನು ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದ. ದಿನಾ ಅದೇ.

ಹತ್ತೂವರೆಗೆ ಶೈಲೂ ಫೋನ್. ತಮ್ಮ ಪಟ್ಟಾಭಿಯ ಮಗಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಿಷಿನ್‌ಗಳ ಕೈಪಿಡಿ ಬರೆಯುವ ಕೆಲಸ, ಚಂದಾಪುರದಲ್ಲಿ ರೂಮು. ಆಫೀಸಿನ ಹೊತ್ತಿನಲ್ಲಿ ಎಂದೂ ಫೋನ್ ಮಾಡುವವಳಲ್ಲ.

"ಅತ್ತೆ, ಯಾರಿಗೂ ಹೇಳಲ್ಲ ಅಂದ್ರೆ ಒಂದು ವಿಷಯ ಹೇಳ್ತೀನಿ. ಅಪ್ಪಂಗೂ ಹೇಳ್ಬಾರ್ದು."

ಹೇಳಲ್ಲ ಅಂತ ಮಾತು ಕೊಟ್ಟೆ. ಮದುವೆ ವಿಷಯ ಅಂದುಕೊಂಡೆ. ಅಲ್ಲ. ಕಾಮಿಕ್ಸ್ ಬರೆಯುತ್ತಾಳಂತೆ! ಹತ್ತಿರ ಹತ್ತಿರ ಎರಡು ವರ್ಷದಿಂದ. ಚಿತ್ರ ಬೇರೆಯವರದು, ಕಥೆ ಇವಳದು. 'ಅಯಸ್ಕಾಂತ' ಅಂತ ಒಬ್ಬ ಸೂಪರ್ ಹೀರೋ, ಕೈ ಚಾಚಿದರೆ ಎಲ್ಲಿದ್ದ ಕಬ್ಬಿಣವೂ ಹಾರಿ ಬರುತ್ತದೆ. ಫೋನಿನಲ್ಲಿ ಹದಿನೈದು ದಿನಕ್ಕೊಂದು ಸಂಚಿಕೆ. ಮೊದಲ ಎಪ್ಪತ್ತೆರಡನ್ನು ಹರ್ಷವರ್ಧನ್ ಅನ್ನುವವರು ಬರೆದರು. ಅವರು ಸೀರಿಯಲ್ ಕಡೆ ಹೋದ ಮೇಲೆ ಇವಳ ಕೈಗೆ ಬಂತು. ಹೆಸರು ಪೂರ್ತಿ ಹಾಕಿಲ್ಲ. ಬರೀ ಎಸ್. ಪಿ.

ಓದುವವರಿಗೆ ಎಸ್. ಪಿ.ಯನ್ನು ಕಂಡರಾಗದು. ಹೀರೋನ ಶಕ್ತಿ ಕಿತ್ತುಕೊಂಡರು ಅನ್ನುವ ಸಿಟ್ಟು. ಕೆಳಗಡೆ ಕಾಮೆಂಟಿನಲ್ಲಿ ಬೈಗುಳವೋ ಬೈಗುಳ. ಈಗ ಕಾಮಿಕ್ಸ್ ಕಂಪನಿಯವರೂ ಹೇಳಿಬಿಟ್ಟಿದ್ದಾರೆ... ನೂರಿಪ್ಪತ್ತನೇ ಸಂಚಿಕೆಯೊಳಗೆ ಶಕ್ತಿ ವಾಪಸ್ ಕೊಡು, ಇಲ್ಲ ಬಿಟ್ಟುಹೋಗು. ಮೊನ್ನೆ ಬಂದದ್ದು ನೂರಹದಿನೈದು.

"ಬಿಟ್ಬಿಡ್ತೀನಿ ಅತ್ತೆ. ಬಿಡೋ ಮುಂಚೆ ಒಬ್ಬರಿಗಾದ್ರೂ ಹೇಳೋಣ ಅನ್ನಿಸ್ತು."

"ಅಷ್ಟು ಕೆಟ್ಟದಾಗಿ ಬರ್ದಿದೀಯೇನೇ?"

ಮೂಗು ಸೀಟಿಕೊಂಡು ನಕ್ಕಳು. "ಅದೇ ಗೊತ್ತಾಗ್ತಿಲ್ಲ."

"ನಾನು ಓದಿ ಹೇಳ್ತೀನಿ. ಅಲ್ಲೀವರೆಗೂ ಬಿಡ್ಬೇಡ."

"ನೂರಾ ಹದಿನೈದು ಇದೆ ಅತ್ತೆ!"

"ಇರಲಿ ಬಿಡು. ಫ್ಯಾಕ್ಟ್ರೀಲಿ ದಿನಕ್ಕೆ ನಾನೂರು ರಿಲೇ ನೋಡ್ತಿದ್ದೋಳು ನಾನು."

ಫೋನ್ ಇಟ್ಟ ಮೇಲೆ ಅನ್ನಿಸಿತು — ಅರವತ್ತೇಳನೇ ವಯಸ್ಸಿಗೆ ಇದೆಂಥ ಕೆಲಸ ಒಪ್ಪಿಕೊಂಡೆ.

ಜೂನ್ 5, ಗುರುವಾರ

ಹೊಳೆವ್ವ ಫೋನಿಗೆ ಆ ಆ್ಯಪ್ ಹಾಕಿಕೊಟ್ಟಳು. ಇಂದು ಒಂದರಿಂದ ಒಂಬತ್ತು.

ಎಪ್ಪತ್ತಮೂರರಿಂದ ಶುರು ಮಾಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ವಿದ್ಯುತ್ ಸ್ವಿಚ್ಚಿನಂಥ ರಿಲೇ ಮಾಡುವ ಫ್ಯಾಕ್ಟ್ರಿಯಲ್ಲಿ ಇಪ್ಪತ್ತಾರು ವರ್ಷ ಇನ್‌ಸ್ಪೆಕ್ಷನ್ ಮೇಜಿನಲ್ಲಿ ಕೂತವಳು. ನನ್ನ ಮುದ್ರೆಯ ನಂಬರು 31. ನೋಡದ ತುಣುಕಿನ ಮೇಲೆ ಆ ಮುದ್ರೆ ಒಂದು ದಿನವೂ ಬಿದ್ದಿಲ್ಲ. ಸರಿಯಿದ್ದರೆ ಹಸಿರು ಚೀಟಿ, ತಿದ್ದಿದರೆ ಸರಿಹೋಗುವುದಕ್ಕೆ ಹಳದಿ, ತಿದ್ದಲಾಗದ್ದಕ್ಕೆ ಕೆಂಪು. ಎಸ್ಸೆಸ್ಸೆಲ್ಸಿ ಓದಿದವಳಿಗೆ ಡ್ರಾಯಿಂಗ್ ಓದುವುದು, ಇಂಗ್ಲಿಷ್ ಕೂಡಿಸಿ ಓದುವುದು ಎಲ್ಲ ಕಲಿಸಿದ್ದು ಆ ಮೇಜೇ. ಇದನ್ನೂ ಕಲಿತರಾಯಿತು.

ಫೋನನ್ನು ಬಲಗೈಯಲ್ಲೇ ಹಿಡಿಯಬೇಕು, ಎಡ ಎದೆಯ ಹತ್ತಿರ ತರಬಾರದು. ಪೇಸ್‌ಮೇಕರ್ ಹಾಕಿದ ಮೇಲೆ ಡಾಕ್ಟರು ಹೇಳಿದ್ದು. ಬಲಗೈ ಸೋತು ಹೋಯಿತು. ಕೊನೆಗೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಓದಿದೆ.

ಮೊದಮೊದಲು ಯಾವ ಚೌಕದಿಂದ ಯಾವ ಚೌಕಕ್ಕೆ ಹೋಗಬೇಕು ತಿಳಿಯಲಿಲ್ಲ. ಸತ್ತವನು ಮುಂದಿನ ಚಿತ್ರದಲ್ಲಿ ಓಡುತ್ತಿದ್ದ. ಆಮೇಲೆ ಗೊತ್ತಾಯಿತು, ನಾನೇ ಹಿಂದುಮುಂದಾಗಿ ಓದಿದ್ದೆ.

ಜೂನ್ 8, ಭಾನುವಾರ

ನಲವತ್ತೊಂದು ಮುಗಿಯಿತು. ಸುಳ್ಳು ಹೇಳಬಾರದು — ಹರ್ಷವರ್ಧನ್ ಚೆನ್ನಾಗಿ ಬರೆಯುತ್ತಾರೆ. ಅಯಸ್ಕಾಂತ ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯಲ್ಲಿ ಆಪರೇಟರು. ಅವನು ಗೇಟಿನಲ್ಲಿ ಕಾರ್ಡು ಪಂಚ್ ಮಾಡುವ ಚಿತ್ರ ನೋಡಿ ಮನಸ್ಸು ಅರಳಿತು. ಆದರೆ ನಲವತ್ತೊಂದರಲ್ಲಿ ವಿಮಾನವನ್ನೇ ಎಳೆದು ನಿಲ್ಲಿಸುತ್ತಾನೆ! ವಿಮಾನದ ಮೈ ಅಲ್ಯೂಮಿನಿಯಂ. ಜೋರಾಗಿಯೇ ಅಂದುಬಿಟ್ಟೆ, "ಅಲ್ಯೂಮಿನಿಯಂ ಎಲ್ಲಾದ್ರೂ ಮ್ಯಾಗ್ನೆಟ್‌ಗೆ ಅಂಟುತ್ತೇನಯ್ಯಾ?"

ಮೆಟ್ಟಿಲ ಮೇಲಿದ್ದ ಮಲಕಪ್ಪ ತಲೆಯೆತ್ತಿದ. "ಅಮ್ಮಾರ... ನೀವೂ ಅಯಸ್ಕಾಂತ ಓದಾಕತ್ತೀರೇನ್ರೀ?"

ಅವನು ದಿನಾ ನೋಡುತ್ತಿದ್ದದ್ದು ಅದನ್ನೇ! ಮೊದಲ ಸಂಚಿಕೆಯಿಂದಲೂ ಓದುತ್ತಿದ್ದಾನೆ. ಮುಖ ಊರಗಲ ಆಯಿತು.

"ವಿಮಾನದ್ದು ನೀವ್ ಹೇಳೂದು ಕರೇ ಐತ್ರಿ. ನಾನೂ ವೆಲ್ಡರ್ ಅದೀನಿ, ನನಗೂ ಆಗ ಗೊತ್ತಾತು. ಆದ್ರ ಹರ್ಷವರ್ಧನ್ ಸರ್ ಬರದ್ರ ನಡೀತೈತಿ ಬಿಡ್ರಿ. ನೀವು ಒಂದ್ ಮಾತ್ ಕೇಳ್ರಿ — ಎಪ್ಪತ್ತೆರಡಕ್ಕ ನಿಂದ್ರಿಸಿಬಿಡ್ರಿ. ಮುಂದಿಂದು ಬ್ಯಾಡ."

"ಯಾಕಪ್ಪ?"

"ಎಸ್. ಪಿ. ಅಂತ ಒಬ್ಬವ ಬಂದಾನ್ರೀ. ಹೀರೋನ ಒಯ್ದು ದವಾಖಾನ್ಯಾಗ ಬೆಡ್‌ಶೀಟ್ ಮಡಚಾಕ ಹಚ್ಯಾನ. ಒಂದೂಮುಕ್ಕಾಲು ವರ್ಸಾತು, ಒಂದ್ ಮೊಳೀನೂ ಎಳದಿಲ್ಲ. ನಾವೆಲ್ಲಾ ಅವಂಗ ಬೆಡ್‌ಶೀಟ್ ಮ್ಯಾನ್ ಅಂತೀವಿ."

ಒಳಗಿನಿಂದ ಹೊಳೆವ್ವ ಕೂಗಿದಳು, "ನಿಮ್ಮ ಹೀರೋ ಆದ್ರೂ ಮಡಚ್ತಾನ. ನೀವು ಯಾವಾಗ ಮಡಚ್ತೀರಿ?"

ನಕ್ಕುಬಿಟ್ಟೆ. ಎಸ್. ಪಿ. ಯಾರೆಂದು ಹೇಳಲಿಲ್ಲ. ಮಾತು ಕೊಟ್ಟಿದ್ದೇನೆ. ನಾಲಿಗೆಯ ತುದಿ ಮಾತ್ರ ಇಡೀ ದಿನ ಉರಿಯಿತು.

ಜೂನ್ 11, ಬುಧವಾರ

ಎಪ್ಪತ್ತಮೂರು. ಎರಡು ಸಲ ಓದಿದೆ.

ಫ್ಲೈಓವರ್ ಕೆಲಸದ ದೊಡ್ಡ ಕ್ರೇನು ಬಾಗುತ್ತದೆ. ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಜನ. ಅಯಸ್ಕಾಂತ ಎರಡೂ ಕೈ ಎತ್ತಿ ಅದನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತಾನೆ. ಹನ್ನೊಂದು ನಿಮಿಷ. ಇನ್ನೂರು ಜನ ಹೊರಗೆ ಓಡಿಬರುತ್ತಾರೆ. ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಕೊನೆಯ ಚಿತ್ರದಲ್ಲಿ, ಮೂಲೆಯಲ್ಲಿ, ಒಂದು ಆಟೋ. ಒಳಗೊಬ್ಬಳು ಅಜ್ಜಿ ಒರಗಿಬಿಟ್ಟಿದ್ದಾಳೆ. ಅವಳ ಎದೆಯಲ್ಲಿ ಯಂತ್ರವಿದೆ. ಇವನ ಶಕ್ತಿಗೆ ಅದು ನಿಂತುಹೋಗಿದೆ. ಆಟೋದವನು ಕೂಗುತ್ತಿದ್ದಾನೆ. ಯಾರಿಗೂ ಕೇಳಿಸುತ್ತಿಲ್ಲ.

ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಚರ್ಮದ ಕೆಳಗಿನ ಆ ಗುಂಡು ಬಿಲ್ಲೆ.

ಅಜ್ಜಿ ಸಾಯುವುದಿಲ್ಲ. ಆದರೆ ತಿಂಗಳುಗಟ್ಟಲೆ ಆಸ್ಪತ್ರೆ. ಇವನು ಇನ್ನು ಮುಂದೆ ಶಕ್ತಿ ಬಳಸುವುದಿಲ್ಲ ಅಂತ ನಿರ್ಧರಿಸಿ, ಯಾರಿಗೂ ಹೇಳದೆ, ಅದೇ ಆಸ್ಪತ್ರೆಯ ಲಾಂಡ್ರಿಗೆ ಸೇರುತ್ತಾನೆ. ಅಜ್ಜಿಯ ಹಾಸಿಗೆಯ ಬಟ್ಟೆ ಇವನೇ ಮಡಚುತ್ತಾನೆ. ಎಂಬತ್ತರವರೆಗೆ ಇಷ್ಟೇ.

ಸಂಜೆ ಮಲಕಪ್ಪನಿಗೆ ಹೇಳಿದೆ, "ನಂಗೆ ಹಿಡಿಸ್ತು ಕಣಪ್ಪ."

"ಒಬ್ಬ ಅಜ್ಜಿ ಸಲುವಾಗಿ ಇನ್ನೂರ್ ಮಂದೀನ ಬಿಡಾಕ ಆಕ್ಕೈತೇನ್ರಿ?"

"ಬಿಡ್ಲಿಲ್ವಲ್ಲ. ಇನ್ನೂರು ಜನಾನೂ ಉಳಿಸ್ದ. ಆಮೇಲೆ ಆ ಒಬ್ಬಳನ್ನ ಹುಡುಕ್ಕೊಂಡು ಹೋದ. ನಿನ್ನ ಹರ್ಷವರ್ಧನ್ ಆಗಿದ್ರೆ ಮುಂದಿನ ಸಂಚಿಕೆಗೆ ಇನ್ನೊಂದು ಕ್ರೇನ್ ಬೀಳಿಸ್ತಿದ್ರು."

"ಬೀಳಿಸ್ಲಿ ಬಿಡ್ರಿ! ನಾನು ದಿನಾ ಕ್ರೇನ್ ಕೆಳಗ ಕೆಲಸ ಮಾಡಾವ. ಅದು ಬಿದ್ರ ಒಬ್ಬವ ಹಿಡೀತಾನ ಅಂತ ಓದಿದ್ರ ನನಗ ಒಂದೀಟು ಧೈರ್ಯ ಬರ್ತೈತ್ರಿ."

ಬೈಯುವವರೆಲ್ಲ ಪೋಲಿಗಳು ಅಂದುಕೊಂಡಿದ್ದೆ. ಇದನ್ನು ನೆನಪಿಟ್ಟುಕೊಳ್ಳಬೇಕು.

ಜೂನ್ 14, ಶನಿವಾರ, ಮಧ್ಯಾಹ್ನ

ಎಂಬತ್ತೆಂಟು.

ಅವನು ಅಜ್ಜಿಯ ಎದುರು ನಿಂತು ಹೇಳಿಬಿಡುತ್ತಾನೆ, ನಿಮಗೆ ಹೀಗಾಗಿದ್ದು ನನ್ನಿಂದ ಅಂತ. ಅಜ್ಜಿ ಅವನ ಮುಖ ನೋಡುತ್ತಾಳೆ. ದಿಂಬಿನ ಪಕ್ಕದ ಚೀಲವನ್ನು ತೋರಿಸಿ, ಅದರಿಂದ ಒಂದು ವಸ್ತು ತೆಗೆದುಕೊಳ್ಳಲು ಹೇಳುತ್ತಾಳೆ. ಕುದುರೆ ಲಾಳದ ಆಕಾರದ ಮ್ಯಾಗ್ನೆಟ್. ಕೆಂಪು ಬಣ್ಣ. ಎಡ ತುದಿಯಲ್ಲಿ ಬಣ್ಣ ಕಿತ್ತಿದೆ.

"ಇದು ಇನ್ನು ನನ್ನ ಹತ್ತಿರ ಇರಬಾರದಂತೆ. ನೀನು ಇಟ್ಟುಕೋ."

ಕನ್ನಡಕ ತೆಗೆದೆ. ಒರೆಸಿದೆ. ಮತ್ತೆ ನೋಡಿದೆ.

ಅದು ನನ್ನದು. ರಿಲೇ ಪರೀಕ್ಷೆಗೆ ಅಂತ ಕೊಟ್ಟಿದ್ದು. ರಿಟೈರ್ ಆದ ದಿನ ಪಕ್ಕದ ಮೇಜಿನ ಗೆಳತಿ ರಾಣಿ, "ತಗೊಂಡ್ ಹೋಗ್ರೀ ಪಂಕಜಾ, ಯಾರೂ ಕೇಳಲ್ಲ" ಅಂತ ಊಟದ ಡಬ್ಬಿಗೆ ಹಾಕಿದ್ದಳು. ಎಡ ತುದಿಯ ಬಣ್ಣ ಹೋದದ್ದು ನನ್ನ ಕೈಯಿಂದಲೇ ನೆಲಕ್ಕೆ ಬಿದ್ದು. ಎರಡು ವರ್ಷದ ಹಿಂದೆ ಈ ಬಿಲ್ಲೆ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಸೇರಿದಾಗ ಎಂದಿನಂತೆ ಅದು ನನ್ನ ಕೈಚೀಲದಲ್ಲೇ ಇತ್ತು. ನರ್ಸು ನೋಡಿ ಹೌಹಾರಿದಳು. ಶೈಲೂಗೆ ಕೊಟ್ಟುಬಿಟ್ಟೆ. ಆಗ ಆಡಿದ ಮಾತು... ಇದೇ ಮಾತು.

ನಾಲ್ಕು ದಿನ ನನ್ನ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಳು ಹುಡುಗಿ. ಲ್ಯಾಪ್‌ಟಾಪಿನಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ.

ಇವತ್ತು ಮುಂದೆ ಓದಲಾಗಲಿಲ್ಲ.

ಜೂನ್ 17, ಮಂಗಳವಾರ

ನಿನ್ನೆ ನೂರಹದಿನಾರೂ ಬಂತು. ಎಲ್ಲ ಓದಿ ಮುಗಿಸಿದೆ. ಕಾಮೆಂಟುಗಳನ್ನೂ ಓದಿದೆ. ಓದಬಾರದಿತ್ತು.

ಮುನ್ನೂರು ಜನ ಬೈದಿದ್ದಾರೆ. ಎಷ್ಟೋ ಜನ ತಾವು ಓದುವುದನ್ನು ಬಿಟ್ಟೇ ವರ್ಷವಾಯಿತು ಅಂತ ತಾವೇ ಬರೆದುಕೊಂಡಿದ್ದಾರೆ. ತುಣುಕು ನೋಡದೆ ಕೆಂಪು ಚೀಟಿ! ಮೈ ಉರಿಯಿತು. ಅಡುಗೆ ಬಿಟ್ಟು ಕೂತು, ಒಂದೊಂದೇ ಅಕ್ಷರ ಒತ್ತಿ ಬರೆದೆ. ಒಂದೂಕಾಲು ಗಂಟೆ ಹಿಡಿಯಿತು. ಹಾಕಿದ್ದು ಹೀಗೆ:

"ಒಂದರಿಂದ ನೂರಹದಿನಾರರವರೆಗೆ ಪ್ರತಿ ಸಂಚಿಕೆ ಓದಿದ್ದೇನೆ. ಎಸ್. ಪಿ. ಅವರು ಹೀರೋನ ಶಕ್ತಿ ಕಿತ್ತುಕೊಂಡಿಲ್ಲ. ಶಕ್ತಿ ಅವನಲ್ಲೇ ಇದೆ. ಅದು ಯಾರಿಗೆ ತಾಗುತ್ತದೆ ಎಂದು ನೋಡಿಕೊಳ್ಳುವುದನ್ನು ಅವನಿಗೆ ಕಲಿಸುತ್ತಿದ್ದಾರೆ. ಓದಿ ಬೈಯಿರಿ. ಓದದೆ ಬೈಯಬೇಡಿ. — ಪಂಕಜಾ, ನಿವೃತ್ತ ಇನ್‌ಸ್ಪೆಕ್ಟರ್, ದೊಡ್ಡನೆಕ್ಕುಂದಿ. ಘೋಷಣೆ: ಬರೆದವರು ನನ್ನ ಸೋದರಸೊಸೆ. ಕಥೆಯ ಅಜ್ಜಿಗೂ ನನಗೂ ಹೋಲಿಕೆ ಇರಬಹುದು."

ಕೊನೆಯ ಸಾಲು ಬೇಕಿತ್ತೇ ಅಂತ ಯೋಚಿಸಿದೆ. ಬೇಕು. ಪ್ರೆಸ್ ಶಾಪಿನಲ್ಲಿದ್ದ ನಮ್ಮ ಯಜಮಾನರು ಮಾಡಿದ ತುಣುಕುಗಳ ಲಾಟ್ ಬಂದಾಗಲೆಲ್ಲ ರಿಜಿಸ್ಟರಿನಲ್ಲಿ 'ಗಂಡನ ಲಾಟ್' ಅಂತ ಬರೆದು ರಾಣಿಯ ಮೇಜಿಗೆ ದಾಟಿಸುತ್ತಿದ್ದವಳು. ಸಂಬಂಧ ಮುಚ್ಚಿಟ್ಟು ಕೊಟ್ಟ ಹಸಿರು ಚೀಟಿಗೆ ಬೆಲೆಯಿಲ್ಲ. ಶೈಲೂ ಹೆಸರಂತೂ ಎಲ್ಲಿಯೂ ಬರೆದಿಲ್ಲವಲ್ಲ.

ಸಮಾಧಾನವಾಯಿತು. ತಡವಾಗಿ ಉಪ್ಪಿಟ್ಟು ಮಾಡಿಕೊಂಡೆ.

ಜೂನ್ 18, ಬುಧವಾರ

ಬೆಳಿಗ್ಗೆ ಮಲಕಪ್ಪ ಮೆಟ್ಟಿಲ ಮೇಲೆ ಜೋರಾಗಿ ನಗುತ್ತಿದ್ದ. "ಏ ಹೊಳೆವ್ವ, ಕೇಳಿಲ್ಲಿ. ಎಸ್. ಪಿ.ಗೆ ಸ್ವಂತ ಅತ್ತೀನ ಸರ್ಟಿಫಿಕೇಟ್ ಕೊಟ್ಟಾಳ! ಯಾರೋ ದೊಡ್ಡನೆಕ್ಕುಂದಿ..."

ನಿಲ್ಲಿಸಿದ. ನನ್ನ ಮುಖ ನೋಡಿದ. ಫೋನ್ ನೋಡಿದ. ಮತ್ತೆ ನನ್ನ ಮುಖ.

"ಅಮ್ಮಾರ..."

ಕೈಯಿಂದ ಫೋನ್ ಇಸಿದುಕೊಂಡೆ. ನನ್ನ ಬರಹದ ಕೆಳಗೆ ನಾನೂರು ಜನ. ಅತ್ತೆ ಅಂತೆ, ಅಜ್ಜಿ ಅಂತೆ. ಯಾರೋ ಪುಣ್ಯಾತ್ಮ ನನ್ನ ಫೇಸ್‌ಬುಕ್ ಹುಡುಕಿದ್ದಾನೆ. ಅಲ್ಲಿರುವುದು ಒಂದೇ ಫೋಟೋ, ಹೋದ ವರ್ಷ ನನ್ನ ಹುಟ್ಟುಹಬ್ಬದ್ದು. ಕೆಳಗೆ ನಾನೇ ಬರೆದಿದ್ದೇನೆ — 'ಸೋದರಸೊಸೆ ಶೈಲಶ್ರೀ ಜೊತೆ'. ಈಗ ಅವಳ ಮುಖಕ್ಕೆ ಬೆಡ್‌ಶೀಟ್ ಹೊದಿಸಿದ ಚಿತ್ರ ಎಲ್ಲ ಕಡೆ. ಹೆಂಗಸು ಅಂತ ತಿಳಿದ ಮೇಲೆ ಬೈಗುಳದ ಬಣ್ಣವೇ ಬೇರೆಯಾಗಿದೆ. ಇಲ್ಲಿ ಬರೆಯಲಾರೆ.

ನಾನು ಮಾತು ಮುರಿದೆ.

ಜೂನ್ 19, ಗುರುವಾರ

ಹನ್ನೊಂದು ಸಲ ಫೋನ್ ಮಾಡಿದ ಮೇಲೆ ಎತ್ತಿದಳು.

"ಶೈಲೂ, ಹೆಸರು ಬರೀಲಿಲ್ಲ ಕಣೇ ನಾನು. ನಿಯಮ ಅಂತ..."

"ಇದು ಫ್ಯಾಕ್ಟ್ರಿ ಅಲ್ಲ ಅತ್ತೆ." ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನಾನು ಯಾರು ಅಂತ ಯಾರಿಗೂ ಗೊತ್ತಿಲ್ಲ ಅಂತ್ಲೇ ಬರೆಯೋಕಾಗ್ತಿತ್ತು. ಅದೊಂದೇ ನನ್ನ ಹತ್ರ ಇದ್ದಿದ್ದು. ಇಡ್ತೀನಿ."

ನನ್ನ ಕಾಮೆಂಟ್ ಅಳಿಸಿದೆ. ಆ ಫೋಟೋವನ್ನೂ. ಹೊಳೆವ್ವ ಹೇಳಿದಳು, ಇನ್ನು ಅಳಿಸಿ ಏನೂ ಪ್ರಯೋಜನವಿಲ್ಲ, ಎಲ್ಲರ ಫೋನಿನಲ್ಲೂ ಇದೆ.

ಜೂನ್ 26, ಗುರುವಾರ

ಬಿ.ಪಿ. 152/90.

ಫೋನ್ ಇಲ್ಲ.

ಜುಲೈ 2, ಬುಧವಾರ

ತಮ್ಮ ಪಟ್ಟಾಭಿ ಆನೇಕಲ್ಲಿನಿಂದ ಫೋನ್ ಮಾಡಿದ್ದ. ಶೈಲೂ ರಜಾ ಹಾಕಿ ಮನೆಗೆ ಬಂದಿದ್ದಾಳಂತೆ, ಹತ್ತು ದಿನವಾಯಿತು.

"ಊಟ ಮಾಡ್ತಾಳೆ. ಸ್ನಾನ ಮಾಡ್ತಾಳೆ. ಮಾತಾಡಲ್ಲ. ಏನಕ್ಕಾ ಇದು? ನನ್ನ ಮಗಳು ಕಥೆ ಬರೀತಾಳೆ ಅಂತ ನಂಗೆ ಪಕ್ಕದ ಮನೆಯೋರು ಹೇಳ್ಬೇಕಾ?"

"ಚಿತ್ರದ ಪುಸ್ತಕ ಓದೋ ವಯಸ್ಸಾ ಅಂತ ಅವಳನ್ನ ಬೈದೋನು ನೀನೇ ಅಲ್ವೇನೋ?"

"ಅದು... ಆಗ ಅವಳು ಪಿಯುಸಿ ಕಣಕ್ಕಾ." ಆಮೇಲೆ, "ಬಿಟ್ಬಿಡ್ತೀನಿ ಅಂತ ಕಂಪನಿಗೆ ಬರೆದು ಇಟ್ಕೊಂಡಿದಾಳೆ. ಕಳಿಸಿಲ್ಲ ಇನ್ನೂ."

ಕಳಿಸಿಲ್ಲ ಇನ್ನೂ. ಆ ಮಾತೊಂದನ್ನೇ ಹಿಡಿದುಕೊಂಡು ಕೂತಿದ್ದೇನೆ. ಓದಿ ಹೇಳ್ತೀನಿ ಅಂದ ಪ್ರಶ್ನೆಗೆ ನಾನು ಉತ್ತರವನ್ನೇ ಕೊಟ್ಟಿಲ್ಲ! ಅಷ್ಟು ಕೆಟ್ಟದಾಗಿ ಬರೆದಿದ್ದಾಳೆಯೇ ಅನ್ನುವ ಪ್ರಶ್ನೆ. ಅವಳಿಗೆ ಹೇಳುವುದು ಬಿಟ್ಟು ಊರಿಗೆಲ್ಲ ಹೇಳಲು ಹೋದೆ.

ನಾಳೆಯಿಂದ ಎಪ್ಪತ್ತಮೂರರಿಂದ ಮತ್ತೆ. ಈ ಸಲ ಪೆನ್ಸಿಲ್ ಹಿಡಿದು. ನಿನ್ನೆ ಬಂದ ನೂರಹದಿನೇಳೂ ಸೇರಿ.

ಜುಲೈ 5, ಶನಿವಾರ

ಕಾಗದ ಬರೆದೆ. ಫೋನಿನಲ್ಲಲ್ಲ. ಹಾಳೆಯ ಮೇಲೆ, ಅಂಚೆಯಲ್ಲಿ. ಇದನ್ನು ಯಾರೂ ಫಾರ್ವರ್ಡ್ ಮಾಡಲಾರರು. ನಕಲು ಇಲ್ಲಿರಲಿ:

ಚಿರಂಜೀವಿ ಶೈಲಶ್ರೀಗೆ ಅತ್ತೆಯ ಆಶೀರ್ವಾದ.

ಮೊದಲು ನನ್ನ ತಪ್ಪು. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟು ಹೇಳಿಬಿಟ್ಟೆ. ಹೆಸರು ಬರೆಯಲಿಲ್ಲ ಅನ್ನುವುದು ಸಬೂಬು. ನಿಯಮ ಅನ್ನುವುದು ಇನ್ನೂ ದೊಡ್ಡ ಸಬೂಬು. ನಿನ್ನ ಲಾಟನ್ನು ನಾನು ಸುಮ್ಮನೆ ಬೇರೆ ಮೇಜಿಗೆ ದಾಟಿಸಬೇಕಿತ್ತು. ಆದರೆ ಬೇರೆ ಮೇಜಿನಲ್ಲಿ ಯಾರೂ ಇರಲಿಲ್ಲ ಕಣೇ. ಅದಕ್ಕೆ ಅವಸರ ಮಾಡಿದೆ.

ಈಗ ನಾನು ಓದಿ ಹೇಳುತ್ತೇನೆ ಅಂದದ್ದಕ್ಕೆ ಉತ್ತರ. ನೀನು ಬರೆದ ನಲವತ್ತೈದು ಸಂಚಿಕೆಯನ್ನೂ ಎರಡು ಸಲ ನೋಡಿದ್ದೇನೆ. ಮೂವತ್ತಾರು ಹಸಿರು. ಎಂಟು ಹಳದಿ. ಒಂದು ಕೆಂಪು.

ಕೆಂಪು ತೊಂಬತ್ತೇಳಕ್ಕೆ. ಅವನು ಮತ್ತೆ ಲಾರಿಗಳನ್ನು ಎಳೆದಾಡಿ, ಕೊನೆಗೆ ಅದು ಕನಸು ಅಂತ ಮಾಡಿದ್ದೀಯ. ಬೈಯುವವರಿಗೆ ಹೆದರಿ ಬರೆದದ್ದು ಅಂತ ಗೊತ್ತಾಗುತ್ತದೆ. ಅದು ನಿನ್ನದಲ್ಲ.

ಹಳದಿ ಎಪ್ಪತ್ತನಾಲ್ಕರಿಂದ ಎಂಬತ್ತರವರೆಗೆ. ಅವನು ಬರೀ ಮಡಚುತ್ತಾನೆ, ಕೊರಗುತ್ತಾನೆ. ಅವನ ಕೈಗೆ ಕಷ್ಟದ ಕೆಲಸ ಕೊಡಲಿಲ್ಲ ನೀನು. ನಮ್ಮ ಹಿಂದಿನ ರೂಮಿನ ಮಲಕಪ್ಪ ದಿನಾ ಕ್ರೇನಿನ ಕೆಳಗೆ ನಿಂತು ವೆಲ್ಡಿಂಗ್ ಮಾಡುತ್ತಾನೆ. ಕ್ರೇನು ಬಿದ್ದರೆ ಒಬ್ಬ ಹಿಡಿಯುತ್ತಾನೆ ಅಂತ ಓದಿದರೆ ಅವನಿಗೆ ಧೈರ್ಯವಂತೆ. ನೀನು ಅವನ ಧೈರ್ಯ ತೆಗೆದುಕೊಂಡೆ, ಬದಲಿಗೆ ಏನು ಕೊಟ್ಟೆ? ಶಕ್ತಿ ವಾಪಸ್ ಕೊಡು ಅನ್ನುತ್ತಿಲ್ಲ. ಏನಾದರೂ ಕೊಡು ಅನ್ನುತ್ತಿದ್ದೇನೆ.

ಎಂಟನೆಯ ಹಳದಿ ಎಂಬತ್ತೆಂಟಕ್ಕೆ. ಅಜ್ಜಿ ಯಾರು ಅಂತ ಗೊತ್ತಾಯಿತು. ಮ್ಯಾಗ್ನೆಟ್ಟಿನ ಎಡ ತುದಿ ನೋಡಿ ಇಡೀ ಮಧ್ಯಾಹ್ನ ಅಳುತ್ತ ಕೂತೆ. ಆದರೆ ಅವಳು ಅರ್ಧ ಪುಟದಲ್ಲಿ ಅವನನ್ನು ಕ್ಷಮಿಸಿಬಿಡುತ್ತಾಳೆ. ಎದೆ ನಿಂತುಹೋದವಳು ಅಷ್ಟು ಬೇಗ ಕ್ಷಮಿಸುವುದಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ. ಆ ನರ್ಸು ಸೂಜಿ ಎರಡು ಸಲ ಚುಚ್ಚಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದೆ, ಮರೆತೆಯಾ? ಅಜ್ಜಿಗೆ ನನ್ನ ಹಟವನ್ನೂ ಕೊಡು.

ನೀನೂ ನನ್ನನ್ನು ಬೇಗ ಕ್ಷಮಿಸಬೇಕಾಗಿಲ್ಲ. ಆದರೆ ಬರೆಯುವುದನ್ನು ಬಿಡಬೇಡ. ಕೆಟ್ಟ ಲಾಟ್‌ನಲ್ಲಿ ಮೂವತ್ತಾರು ಹಸಿರು ಬರುವುದಿಲ್ಲ.

ಇಂತಿ ಅತ್ತೆ.

ಜುಲೈ 9, ಬುಧವಾರ

ಕಾಗದ ಮುಟ್ಟಿರಬೇಕು. ಇಲ್ಲವೂ ಇರಬಹುದು.

ಸಂಜೆ ಮಲಕಪ್ಪ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಕೈಯಲ್ಲಿ ಊರಿನಿಂದ ತಂದ ಶೇಂಗಾ ಹೋಳಿಗೆಯ ಪೊಟ್ಟಣ. ಮೂರು ವಾರದಿಂದ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದವನು.

"ಅಮ್ಮಾರ, ನಾನೂ ಒಂದು ಬರದಿದ್ನಿರಿ. ಮೆಟ್ರೋ ಮಲ್ಲು ಅಂತ ಹೆಸರು ಹಾಕ್ಕೊಂಡು. 'ಎಸ್. ಪಿ., ನಿನಗ ಬರಿಯಾಕ ಬರಂಗಿಲ್ಲ, ಅರಿಬಿ ಅಂಗಡಿ ಇಡು' ಅಂತ. ಅಳಸೀನ್ರಿ. ನಿಮ್ಮ ಮನಿ ಹುಡುಗಿ ಅಂತ ಗೊತ್ತಿರಲಿಲ್ಲ."

"ನಮ್ಮನೆ ಹುಡುಗಿ ಅಲ್ದೆ ಹೋಗಿದ್ರೆ ಬರೀಬಹುದಿತ್ತಾ?"

ಹೊಳೆವ್ವ ಹಿಂದಿನಿಂದ, "ಹಂಗ ಕೇಳ್ರಿ ಅಮ್ಮಾರ!"

ಅವನು ಕತ್ತು ತುರಿಸಿಕೊಂಡ. "ಇಲ್ಲ ಬಿಡ್ರಿ." ಆಮೇಲೆ ಧೈರ್ಯ ಮಾಡಿ, "ಆದ್ರ ಒಂದ್ ಮಾತು. ನನಗ ಇನ್ನೂ ಹರ್ಷವರ್ಧನ್ ಸರ್ ಅವರ್ದೇ ಸೇರ್ತೈತಿ. ಸುಳ್ಳ್ ಹೇಳಂಗಿಲ್ಲ."

"ಹೇಳ್ಬೇಡ. ಕೂತ್ಕೋ, ಕಾಫಿ ಕುಡಿ."

ಕಾಫಿ ಲೋಟ ಕೆಳಗಿಡುತ್ತ ಕೇಳಿದ, "ಮುಂದಿಂದು ಬರ್ತೈತೋ ಇಲ್ಲೋರಿ? ಆ ಅಜ್ಜಿ ಮನೀಗೆ ಹೊಂಟಾಳ. ಮೂರನೇ ಮಾಳಿಗಿ, ಲಿಫ್ಟ್ ಕೆಟ್ಟೈತಿ. ಅಲ್ಲೀಗೆ ನಿಂತೈತಿ."

ಬೈದುಕೊಂಡೇ ಒಂದನ್ನೂ ಬಿಡದೆ ಓದಿದ್ದಾನೆ. ಈ ಮಾತು ಶೈಲೂಗೆ ಹೇಳಬೇಕು. ಹೇಗೆ ಹೇಳಲಿ.

ಜುಲೈ 13, ಭಾನುವಾರ

ಹನ್ನೊಂದು ಗಂಟೆಗೆ ಗೇಟು ಸದ್ದು. ಶೈಲೂ. ಇಳಿದುಹೋಗಿದ್ದಾಳೆ. ಬಾಗಿಲಲ್ಲಿ ನಿಂತವಳು ಒಳಗೆ ಬರಲಿಲ್ಲ. ಮತ್ತೆ ಗೇಟಿಗೆ ಹೋಗಿ ಬ್ಯಾಗನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಬರೀ ಕೈಯಲ್ಲಿ ಒಂದು ಕಾಗದದ ಕಟ್ಟು ಹಿಡಿದು ಬಂದಳು.

"ಬ್ಯಾಗ್ ಯಾಕೆ ಹೊರಗಿಟ್ಟೆ? ಯಾರಾದ್ರೂ ಎತ್ಕೊಂಡ್ ಹೋಗ್ತಾರೆ."

"ಅದ್ರಲ್ಲಿ ನಿಮ್ಮ ಮ್ಯಾಗ್ನೆಟ್ ಇದೆ ಅತ್ತೆ. ಬರೆಯೋವಾಗ ಮೇಜಿನ ಮೇಲೆ ಇಟ್ಕೋತೀನಿ. ಎಲ್ಲಿಗೆ ಹೋದ್ರೂ ತಗೊಂಡು ಹೋಗ್ತೀನಿ. ನಿಮ್ಮ ಹತ್ರ ತರ್ಬಾರ್ದು."

ಮೆಟ್ಟಿಲ ಮೇಲಿದ್ದ ಮಲಕಪ್ಪ ಎದ್ದುಹೋಗಿ ಬ್ಯಾಗಿನ ಪಕ್ಕದಲ್ಲಿ ಕಾವಲು ಕೂತ. ಅವನೇ ಮೆಟ್ರೋ ಮಲ್ಲು ಅಂತ ಇವಳಿಗೆ ಗೊತ್ತಿಲ್ಲ. ಅವನಿಗೆ ಇವಳು ಯಾರೆಂದು ಗೊತ್ತು. ನೆಟ್ಟಗೆ ಕೂತಿದ್ದ, ಸೆಕ್ಯೂರಿಟಿಯವರ ಹಾಗೆ.

ಚಿತ್ರಾನ್ನ ಹಾಕಿಕೊಟ್ಟೆ. ಎರಡು ಸಲ ಹಾಕಿಸಿಕೊಂಡಳು. ತಿನ್ನುತ್ತಲೇ ಅಂದಳು, "ಕಾಗದ ನೋಡಿ ಮೊದಲು ಸಿಟ್ಟು ಬಂತು. ಎಲ್ರೂ ಬೈತಿರೋವಾಗ ಇವರೂ ತಪ್ಪು ಹುಡುಕ್ತಾರಲ್ಲ ಅಂತ. ಆಮೇಲೆ ಅನ್ನಿಸ್ತು... ನಲವತ್ತೈದನ್ನೂ ಎರಡೆರಡು ಸಲ ಓದಿರೋರು ನೀವೊಬ್ರೇ. ನಾನೂ ಓದಿಲ್ಲ."

"ಕಂಪನಿಯವ್ರು?"

"ನೂರಿಪ್ಪತ್ತರವರೆಗೂ ಕಾಯ್ತಾರೆ. ಆಮೇಲೆ ತೆಗೆದ್ರೆ ತೆಗೀಲಿ. ನಾನಾಗಿ ಬಿಡಲ್ಲ. ನಾಡಿದ್ದು ಬರೋದ್ರಿಂದ ಪೂರ್ತಿ ಹೆಸರು ಹಾಕಿ ಅಂತ ಹೇಳಿದೀನಿ. ಇನ್ನು ಮುಚ್ಕೊಳ್ಳೋಕೇನಿದೆ?" ತಟ್ಟೆಯಂಚಿನ ಕರಿಬೇವನ್ನು ಸಾಲಾಗಿ ಜೋಡಿಸುತ್ತಿದ್ದಳು. "ಅಪ್ಪ ಎಪ್ಪತ್ತಮೂರರಿಂದ ಓದೋಕೆ ಶುರು ಮಾಡಿದಾರೆ."

"ಒಂದರಿಂದ ಓದ್ಬೇಕು ಅಂತ ಹೇಳು ಅವನಿಗೆ."

ನಕ್ಕಳು. ನಲವತ್ತು ದಿನ ಆಗಿತ್ತು ಆ ನಗು ಕೇಳಿ.

"ನೀವು ಬರ್ದಿದ್ರಲ್ಲ, ಅಷ್ಟು ಬೇಗ ಕ್ಷಮಿಸ್ಬಾರ್ದು ಅಂತ. ಅದಕ್ಕೇ ಮೊನ್ನೆ ಬರಬೇಕು ಅಂದ್ಕೊಂಡಿದ್ದೋಳು ಇವತ್ತು ಬಂದೆ."

"ಮೊನ್ನೇನೇ ಬರಬಹುದಿತ್ತು ಕಣೇ. ಅದು ಅಜ್ಜಿಗೆ ಹೇಳಿದ್ದು."

ಕಟ್ಟನ್ನು ನನ್ನ ಮುಂದೆ ಸರಿಸಿದಳು. ನೂರಹತ್ತೊಂಬತ್ತು. ಇನ್ನೂ ಚಿತ್ರ ಬರೆದಿಲ್ಲ, ಬರೀ ಮಾತು. ನನಗೆ ಕಾಣಲಿ ಅಂತ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದ್ದಾಳೆ. ಜೊತೆಗೆ ಮೂರು ಪೆನ್ಸಿಲು. ಹಸಿರು, ಹಳದಿ, ಕೆಂಪು.

"ಪ್ರಕಟ ಆಗೋಕ್ ಮುಂಚೆ ನೋಡಿ ಅತ್ತೆ. ಈ ಸಲ ಘೋಷಣೆ ಎಲ್ಲ ಬೇಡ."

ನೋಡುವ ಅಧಿಕಾರ ನನಗಿಲ್ಲ. ನೆಂಟಳು, ಮೇಲೆ ಕಥೆಯೊಳಗಿನವಳು. ಎರಡೂ ಲೆಕ್ಕದಲ್ಲಿ ಬೇರೆ ಮೇಜಿಗೆ ಹೋಗಬೇಕಾದ ಲಾಟ್. ಆದರೂ ಪೆನ್ಸಿಲುಗಳನ್ನು ಚೂಪು ಮಾಡಿದೆ.

ಊಟವಾದ ಮೇಲೆ ಅವಳು ಗೋಡೆ ಕಡೆ ತಿರುಗಿ ಮಲಗಿದಳು, ನಿದ್ದೆ ಬಂದವಳ ಹಾಗೆ. ನಿದ್ದೆಯಿಲ್ಲ. ನಾನು ಯಾವ ಬಣ್ಣ ಎತ್ತಿಕೊಳ್ಳುತ್ತೇನೆ ಅಂತ ಕಿವಿಯೆಲ್ಲ ಇತ್ತಲೇ. ಹೊರಗೆ ಹೊಳೆವ್ವ ಹಗ್ಗದಿಂದ ಒಣಗಿದ ಬಟ್ಟೆ ಎಳೆಯುತ್ತಿದ್ದಾಳೆ. ಇನ್ನೊಂದು ಕೊನೆ ಹಿಡಿದು ಮಡಚುತ್ತಿರುವವನು ಮಲಕಪ್ಪ. ಶೈಲೂ ಎದ್ದ ಮೇಲೆ ತೋರಿಸಬೇಕು.

ಪುಟ ಒಂದು. ಅಜ್ಜಿಯನ್ನು ಕುರ್ಚಿ ಸಮೇತ ಹೊತ್ತು, ಮೂರು ಮಹಡಿ ಹತ್ತಿ ನಿಂತಿದ್ದಾನೆ ಅವನು. ಬೆವರು. ಶಕ್ತಿಯಲ್ಲ, ಬರೀ ತೋಳು. ಕೆಳಗಿಳಿಸಿದ ಕೂಡಲೇ ಅಜ್ಜಿ ಅವನ ಮುಖಕ್ಕೆ ಬೆರಳು ತೋರಿಸಿ ಗದರುತ್ತಾಳೆ —

ಅಯ್ಯೋ, ಇದು ಥೇಟ್ ನಾನು! ಹಸಿರು ಪೆನ್ಸಿಲು ಎಲ್ಲಿ ಹೋಯಿತು, ಈಗ ತಾನೇ ಇಲ್ಲಿತ್ತು...